ಕತ್ತಲೆ ಹೊದಿಸಿದ ಗಿಡ

ಅಕ್ಕನಿಗೆ ಕ್ಯಾನ್ಸರಿನ ಎರಡನೆಯ ಸುತ್ತಿನ ಚಿಕಿತ್ಸೆ ಶುರುವಾದ ವಾರವೇ ನಮ್ಮ ಟೆರೇಸಿನ ಗಿಡ ಮೊಗ್ಗು ಬಿಡತೊಡಗಿತು. ಅದು ಗಾಂಜಾ ಗಿಡ. ಹಾಗೆಂದು ಬಾಯಿಬಿಟ್ಟು ಹೇಳಲು ನನಗೆ ಆಗ ಧೈರ್ಯವಿರಲಿಲ್ಲ, "ಆ ಗಿಡ" ಎನ್ನುತ್ತಿದ್ದೆ. ಅಕ್ಕ ಮಾತ್ರ ಅದರ ಲ್ಯಾಟಿನ್ ಹೆಸರನ್ನೇ ಹೇಳುತ್ತಿದ್ದಳು, ತರಗತಿಯಲ್ಲಿ ಹಾಜರಿ ಕೂಗುವ ದನಿಯಲ್ಲಿ.

ತೊಂಬತ್ತರ ದಶಕದ ಕೊನೆಯ ಮಾತು. ಚಾಮರಾಜಪೇಟೆಯ ಅಡ್ಡರಸ್ತೆಯೊಂದರಲ್ಲಿ, ಹಳೆಯ ಮನೆಯೊಂದರ ಮಹಡಿಯಲ್ಲಿ ನಾವಿಬ್ಬರೇ ಬಾಡಿಗೆಗಿದ್ದೆವು. ಎರಡು ಕೋಣೆ, ಅಡುಗೆಮನೆ, ಬಚ್ಚಲು, ಅವುಗಳ ಮುಂದೆ ರಸ್ತೆಯ ಕಡೆಗೆ ತೆರೆದುಕೊಂಡ ಟೆರೇಸು. ಅಕ್ಕ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದಳು. ನಾನು ವಿಮಾ ಕಚೇರಿಯಲ್ಲಿ ಗುಮಾಸ್ತ. ಅವಳು ನನಗಿಂತ ಹನ್ನೆರಡು ವರ್ಷ ದೊಡ್ಡವಳು. ನಾನು ಏಳನೆಯ ಕ್ಲಾಸಿನಲ್ಲಿದ್ದಾಗ ಅಮ್ಮ ತೀರಿಕೊಂಡರು, ಅಪ್ಪ ಅದಕ್ಕೂ ಮೊದಲೇ ಇರಲಿಲ್ಲ. ಅಲ್ಲಿಂದ ನನ್ನನ್ನು ಬೆಳೆಸಿದವಳು ಅಕ್ಕ. ನಾವಿಬ್ಬರೂ ಮದುವೆಯಾಗಲಿಲ್ಲ. ಅವಳು ಆಗದಿದ್ದಕ್ಕೆ ನಾನು ಕಾರಣವಿರಬಹುದು. ನಾನು ಆಗದಿದ್ದಕ್ಕೆ ಯಾರೂ ಕಾರಣರಲ್ಲ.

ಗಿಡದ ಬೀಜ ನಮಗೆ ಸಿಕ್ಕಿದ್ದು ಆಸ್ಪತ್ರೆಯಲ್ಲಿ. ಮೊದಲ ಸುತ್ತಿನ ಚಿಕಿತ್ಸೆಗೆ ಅಕ್ಕನನ್ನು ಸೇರಿಸಿದ್ದಾಗ ವಾರ್ಡಿನ ಹೊರಗಿನ ಬೆಂಚಿನಲ್ಲಿ ಒಬ್ಬ ಹೆಂಗಸು ದಿನವೂ ಕೂತಿರುತ್ತಿದ್ದಳು. ಬಯಲುಸೀಮೆಯ ಯಾವುದೋ ಹಳ್ಳಿಯವಳು, ಗಂಡನನ್ನು ಕರೆತಂದಿದ್ದಳು. ಗಂಡಸರ ವಾರ್ಡಿನಲ್ಲಿ ಎಲ್ಲರೂ ಬಕೆಟ್ಟಿನ ಮೇಲೆ ಬಾಗಿರುವಾಗ ಅವಳ ಗಂಡ ಮಾತ್ರ ಎದ್ದು ಕೂತು ಮುದ್ದೆ ಉಣ್ಣುತ್ತಿದ್ದ. ನಾನು ಆಶ್ಚರ್ಯದಿಂದ ಕೇಳಿದ್ದಕ್ಕೆ ಅವಳು ದನಿ ತಗ್ಗಿಸಿ, "ಮಜ್ಗೆಗೆ ಒಸಿ ಭಂಗಿ ಸೊಪ್ಪು ಹಾಕಿ ಕುಡುಸ್ತೀನಿ ಕಣಪ್ಪ. ಡಾಕುಟ್ರಿಗೆ ಯೋಳ್ಬೇಡ" ಎಂದಿದ್ದಳು. ಮೂರು ವಾರದ ಮೇಲೆ ಆ ಮನುಷ್ಯ ತೀರಿಕೊಂಡ. ಹೆಣ ಸಾಗಿಸಲು ಗಾಡಿ ಬಂದು ನಿಂತಿದ್ದಾಗ ಅವಳು ನನ್ನ ಹತ್ತಿರ ಬಂದು ಸೆರಗಿನ ಗಂಟಿನಿಂದ ಒಂದು ಕಾಗದದ ಪೊಟ್ಟಣ ಬಿಚ್ಚಿ ಕೈಗೆ ಕೊಟ್ಟಳು.

"ನಮ್ಗಿನ್ ಯಾತಕ್ಕೆ. ಬೀಜ ಅವೆ, ನಿಮ್ಮಕ್ಕಂಗೆ ಹಾಕಿ ಬೆಳ್ಸು."

ಬೇಡ ಎನ್ನಲು ಆಗದೆ ಜೇಬಿಗೆ ಹಾಕಿಕೊಂಡೆ. ಸತ್ತವನ ಪಾಲಿನದು ಎಂಬ ಭಾವನೆ ಆ ಪೊಟ್ಟಣದ ಬಗ್ಗೆ ನನಗೆ ಕೊನೆಯವರೆಗೂ ಹೋಗಲಿಲ್ಲ. ಎಸೆದುಬಿಡಬೇಕು ಎಂದುಕೊಂಡು ಮರೆತೆ. ಬಟ್ಟೆ ನೆನೆಹಾಕುವಾಗ ಅಕ್ಕನ ಕೈಗೆ ಸಿಕ್ಕಿತು. ನಡೆದದ್ದನ್ನು ಹೇಳಿದೆ. ಅವಳು ಬೀಜಗಳನ್ನು ಅಂಗೈಯಲ್ಲಿ ಉರುಳಿಸಿ ನೋಡಿದಳು. ಬೂದು ಬಣ್ಣದ, ಮೈಮೇಲೆ ಸಣ್ಣ ಗೆರೆಗಳಿದ್ದ ಐದು ಕಾಳು.

"ಬದುಕಿದಾವೋ ಸತ್ತಿದಾವೋ ನೋಡೋಣ" ಎಂದಳು.

ನಾನು ಪೊಲೀಸು, ಕೇಸು, ಅವಳ ಕೆಲಸ, ನನ್ನ ಕೆಲಸ ಎಂದೆಲ್ಲ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಇಷ್ಟು ಮಾತ್ರೆ ಕೊಟ್ಟೂ ನನ್ನ ವಾಂತಿ ನಿಲ್ಸಕ್ಕೆ ಆಗಿಲ್ಲ ಅವರಿಗೆ. ಯಾರಾದ್ರೂ ಹಿಡ್ಕೊಂಡ್ ಹೋಗಕ್ಕೆ ಬಂದ್ರೆ ನನ್ನನ್ನ ತೋರ್ಸು. ನಿನಗೇನೂ ಗೊತ್ತಿಲ್ಲ ಅನ್ನು."

ಮೂರು ಮೊಳೆತವು. ದಾಸವಾಳ, ಕನಕಾಂಬರ, ದೊಡ್ಡಪತ್ರೆಗಳ ನಡುವೆ ಹಳೆಯ ಗುಲಾಬಿ ಕುಂಡಗಳಲ್ಲಿ ಅವು ಬೆಳೆದವು. ಎಳೆಯದರಲ್ಲಿ ಚೆಂಡುಹೂವಿನ ಗಿಡದಂತೆಯೇ ಕಾಣುತ್ತಿದ್ದವು. ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ಎದೆಯೆತ್ತರ ಬಂದವು. ಗೌರಿಹಬ್ಬದ ಮಾರನೆಯ ದಿನವೋ ಅದರ ಮಾರನೆಯ ದಿನವೋ ಅಕ್ಕ ತನ್ನ ಭೂತಗನ್ನಡಿ ಹಿಡಿದು ಒಂದೊಂದೇ ಗೆಣ್ಣನ್ನು ಪರೀಕ್ಷಿಸಿ, ಎರಡು ಗಂಡು, ಒಂದು ಹೆಣ್ಣು ಎಂದಳು. ಗಂಡುಗಿಡಗಳಲ್ಲಿ ಸಣ್ಣ ಗೊಂಚಲಿನ ಹಾಗೆ ಏನೋ ನೇತಾಡುತ್ತಿತ್ತು.

"ಇವೆರಡನ್ನೂ ಕಿತ್ತುಹಾಕು. ಪರಾಗ ಬಿತ್ತು ಅಂದ್ರೆ ಬರೀ ಬೀಜ ಆಗುತ್ತೆ, ಹೂವು ಕೆಲಸಕ್ಕೆ ಬರಲ್ಲ."

ಕಿತ್ತು ಸಣ್ಣಗೆ ಕತ್ತರಿಸಿ ಮಣ್ಣಲ್ಲಿ ಮುಚ್ಚಿದೆ. ಉಳಿದದ್ದು ಒಂದೇ.

ಅದು ಹೂವಿಗೆ ಬಂದ ಸಮಯಕ್ಕೆ ಸರಿಯಾಗಿ ನಮ್ಮ ಟೆರೇಸಿನ ಪಕ್ಕದ ಕಂಬಕ್ಕೆ ಹೊಸ ದೀಪ ಹಾಕಿದರು. ಹಳೆಯ ಟ್ಯೂಬ್‌ಲೈಟು ವರ್ಷವೆಲ್ಲ ಮಿಣಕು ಮಿಣಕು ಅನ್ನುತ್ತಿತ್ತು. ಇದು ಕಿತ್ತಳೆ ಬಣ್ಣದ ದೊಡ್ಡ ದೀಪ. ಹೊತ್ತು ಮುಳುಗುವ ಮೊದಲೇ ಹತ್ತಿಕೊಂಡರೆ ಬೆಳಗಾಗುವವರೆಗೂ ಟೆರೇಸೆಲ್ಲ ಬೆಳಕು. ಅಕ್ಕ ಎರಡು ದಿನ ಅದನ್ನು ನೋಡಿ ಯೋಚನೆ ಮಾಡಿದಳು.

"ಸೇವಂತಿಗೆ ಪಾಠ ನೆನಪಿದೆಯಾ? ಬೇಗ ಹೂ ಬಿಡದೆ ಇರ್ಲಿ ಅಂತ ತೋಟದೋರು ಬಲ್ಬ್ ಕಟ್ತಾರೆ. ಇದೂ ಹಂಗೇ. ಇದಕ್ಕೆ ಉದ್ದನೆ ರಾತ್ರಿ ಬೇಕು. ರಾತ್ರಿ ಆಯ್ತು ಅಂತ ಗೊತ್ತಾಗದೆ ಇದ್ರೆ ಹೂವು ಅರ್ಧಕ್ಕೇ ನಿಂತ್ಹೋಗುತ್ತೆ ಕಣೋ."

ಅವಳು ಬೀರುವಿನಿಂದ ತನ್ನ ಒಂದು ಸೀರೆ ತೆಗೆದುಕೊಟ್ಟಳು. ಕಡುನೀಲಿಯ, ಅಂಚಿಲ್ಲದ, ದಪ್ಪ ಸೀರೆ. ಇನ್‌ಸ್ಪೆಕ್ಷನ್ ದಿನಗಳಲ್ಲಿ ಉಡುತ್ತಿದ್ದದ್ದು. ನಾನು ಕುಂಡದ ಸುತ್ತ ನಾಲ್ಕು ಬಿದಿರುಕಡ್ಡಿ ನೆಟ್ಟು ಮೇಲ್ಗಡೆ ಸೇರಿಸಿ ಕಟ್ಟಿದೆ. ಕಚೇರಿಯಿಂದ ಬಂದ ಕೂಡಲೇ, ಆರು ಗಂಟೆಗೆ, ಸೀರೆಯನ್ನು ಎರಡು ಮಡಿಕೆ ಮಾಡಿ ಅದರ ಮೇಲೆ ಹೊದಿಸಬೇಕು, ಕೆಳಗೆ ಸಂದಿಯಿಲ್ಲದಂತೆ ಸುತ್ತಿ ಕಟ್ಟಬೇಕು. ಬೆಳಿಗ್ಗೆ ಏಳಕ್ಕೆ ಬಿಚ್ಚಬೇಕು. ಅಕ್ಕ ಬಾಗಿಲಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂತು, ಎಡಕ್ಕೆ ಎಳಿ, ಹಿಂದೆ ಬೆಳಕು ಬೀಳ್ತಿದೆ ನೋಡು, ಎನ್ನುತ್ತಿದ್ದಳು.

ಆ ಆರೇಳು ವಾರ ನಾನು ಆ ಗಿಡವನ್ನು ನೋಡಿಕೊಂಡಷ್ಟು ಬೇರೆ ಯಾವುದನ್ನೂ ನೋಡಿಕೊಂಡಿಲ್ಲ. ಕೊಂಬೆಯ ತುದಿಗಳಲ್ಲಿ ಬಿಳಿಯ ಕೂದಲಿನಂಥ ಎಳೆಗಳು ಕಂತೆಕಂತೆಯಾಗಿ ಹೊರಟವು. ಅಕ್ಕನ ತಲೆಯಲ್ಲಿ ಆಗ ಒಂದು ಕೂದಲೂ ಇರಲಿಲ್ಲ, ಹತ್ತಿಯ ಟೋಪಿ ಹಾಕಿಕೊಂಡಿರುತ್ತಿದ್ದಳು. ಎಳೆಗಳು ಕಂದು ಬಣ್ಣಕ್ಕೆ ತಿರುಗಬೇಕು, ಅವುಗಳ ಬುಡದಲ್ಲಿ ಅಂಟಿನ ಹನಿ ಹಾಲಿನಂತಾಗಬೇಕು, ಅಲ್ಲಿಯವರೆಗೆ ಕೀಳುವ ಹಾಗಿಲ್ಲ ಎಂದು ಅವಳ ಅಪ್ಪಣೆ. ದಿನವೂ ಬೆಳಿಗ್ಗೆ ಭೂತಗನ್ನಡಿಯಲ್ಲಿ ನೋಡುತ್ತಿದ್ದಳು. ಕೆಲವು ದಿನ ಕುರ್ಚಿಯಿಂದ ಏಳಲಾಗದೆ ನನಗೆ ನೋಡಲು ಹೇಳುತ್ತಿದ್ದಳು.

"ಹನಿ ಹೆಂಗಿದೆ, ನೀರಿನ ಥರಾನೋ ಹಾಲಿನ ಥರಾನೋ?"

"ನೀರಿನ ಥರ."

"ಹಂಗಾದ್ರೆ ಇನ್ನೂ ಇದೆ."

ಗಿಡಕ್ಕೆ ಬೇಕಾಗಿದ್ದ ದಿನಗಳು ಅವಳ ಹತ್ತಿರ ಇದ್ದವೋ ಇಲ್ಲವೋ ಎಂದು ಇಬ್ಬರೂ ಕೇಳಿಕೊಳ್ಳಲಿಲ್ಲ. ಅವಳು ದಿನಕ್ಕೆ ಎರಡು ಲೋಟ ಗಂಜಿ ಕುಡಿದು ಒಂದೂವರೆ ಲೋಟ ವಾಂತಿ ಮಾಡುತ್ತಿದ್ದಳು. ದಸರೆಯ ಹೊತ್ತಿಗೆ ಮಳೆ ಹಿಡಿಯಿತು. ಹೂವಿನ ಗೊಂಚಲಿನಲ್ಲಿ ನೀರು ನಿಂತರೆ ಕೊಳೆಯುತ್ತದೆಂದು ನಾನು ಕೊಡೆ ಹಿಡಿದು ನಿಂತು ಒಂದೊಂದೇ ಕೊಂಬೆಯನ್ನು ಮೆಲ್ಲಗೆ ಅಲುಗಿಸಿ ನೀರು ಉದುರಿಸುತ್ತಿದ್ದೆ. ಆದರೂ ಒಂದು ಕೊಂಬೆಗೆ ಬೂಷ್ಟು ಹಿಡಿಯಿತು. ಅಕ್ಕ ನೋಡಿದ ಕೂಡಲೇ, "ಕಾಯೋದ್ ಬೇಡ, ಇಲ್ಲೀತನಕ ಕತ್ತರಿಸು" ಎಂದು ಬೆರಳಿಟ್ಟು ತೋರಿಸಿದಳು. ಕತ್ತರಿಸಿದೆ. ಅವಳ ಹೊಟ್ಟೆಯ ಆಪರೇಷನ್ನಿನಲ್ಲೂ ಯಾರೋ ಹಾಗೆ ಬೆರಳಿಟ್ಟು ತೋರಿಸಿರಬೇಕು ಎಂದು ಅನ್ನಿಸಿತು.

ಕೆಳಗಿನ ಮನೆಯಲ್ಲಿ ಮನೆಯ ಯಜಮಾನಿ ಇದ್ದರು. ಎಪ್ಪತ್ತು ದಾಟಿದ ವಿಧವೆ. ನಾವು ಅವರನ್ನು ಅಮ್ಮ ಎಂದೇ ಕರೆಯುತ್ತಿದ್ದೆವು. ಮನೆಯ ಮುಂಭಾಗದ ಕೋಣೆಯಲ್ಲಿ ಅವರ ಮಗನ ಪ್ರಿಂಟಿಂಗ್ ಪ್ರೆಸ್ಸು, ಮದುವೆ ಕಾರ್ಡು, ಬಿಲ್ ಪುಸ್ತಕ ಅಚ್ಚು ಹಾಕುತ್ತಿದ್ದರು. ಅಮ್ಮನಿಗೆ ಮಂಡಿನೋವು, ಮಹಡಿ ಹತ್ತುತ್ತಿರಲಿಲ್ಲ. ಮಗನಿಗೆ ಪುರುಸೊತ್ತಿಲ್ಲ. ಅದಕ್ಕೇ ನಾವು ಧೈರ್ಯವಾಗಿದ್ದದ್ದು.

ಒಂದು ಸಂಜೆ ತರಕಾರಿ ಹಿಡಿದು ಬರುತ್ತಿದ್ದಾಗ ಜಗಲಿಯ ಮೇಲೆ ಕೂತಿದ್ದ ಅಮ್ಮ ಕರೆದರು.

"ಒಂದ್ನಿಮಿಷ ಬಾಪ್ಪಾ. ಮೇಲ್ಗಡೆ ಸಂಜೆ ಹೊತ್ತು ನಿಮ್ಮಕ್ಕ ಬಂದು ನಿಂತ್ಕೋತಾರಾ?"

"ಇಲ್ಲಮ್ಮ. ಅವಳಿಗೆ ನಿಲ್ಲೋಕೆ ಎಲ್ಲಿ ಆಗುತ್ತೆ."

"ಮತ್ತೆ ಯಾರಾದ್ರೂ ನೆಂಟ್ರು ಬಂದಿದಾರಾ?"

"ಯಾರೂ ಇಲ್ಲ."

ಅವರು ತಲೆಯಾಡಿಸಿದರು. ಬೇಕಾಗಿದ್ದ ಉತ್ತರ ಅದೇ ಎನ್ನುವಂತಿತ್ತು. ನನಗೆ ಮೇಲೆ ಬಂದು, ಸೀರೆ ಹೊದಿಸಿ, ಹಿಂದೆ ಸರಿದು ನೋಡಿದಾಗ ಅರ್ಥವಾಯಿತು. ಕಿತ್ತಳೆ ಬೆಳಕಿನಲ್ಲಿ, ಪ್ಯಾರಾಪೆಟ್ಟಿನ ಹಿಂದೆ, ಸೆರಗು ತಲೆಯ ಮೇಲೆ ಹೊದ್ದುಕೊಂಡ ಒಂದು ಹೆಂಗಸು ರಸ್ತೆಯ ಕಡೆ ನೋಡುತ್ತ ನಿಂತಿದ್ದಳು. ಗಾಳಿ ಬಂದಾಗ ಅವಳ ಭುಜ ಸ್ವಲ್ಪ ಅಲುಗುತ್ತಿತ್ತು. ಕಟ್ಟಿದವನು ನಾನೇ ಆದರೂ ಅದಕ್ಕೆ ಬೆನ್ನು ತಿರುಗಿಸಿ ಒಳಗೆ ಹೋಗಲು ಒಂದು ಕ್ಷಣ ಹಿಂಜರಿದೆ.

ಮಾರನೆಯ ದಿನ ನಮ್ಮ ಮೆಟ್ಟಿಲ ಬುಡದಲ್ಲಿ ಒಂದು ಬಾಳೆಹಣ್ಣು, ಒಂದು ಮೊಳ ಮಲ್ಲಿಗೆ ಇಟ್ಟಿತ್ತು. ಅದರ ಮಾರನೆಯ ದಿನವೂ ಇತ್ತು. ನಾನು ದಾಟಿಕೊಂಡು ಓಡಾಡಿದೆ. ಐದನೆಯ ದಿನ ಅಮ್ಮನ ಮಗ ನನ್ನನ್ನು ಪ್ರೆಸ್ಸಿನೊಳಗೆ ಕರೆದು ಸ್ಟೂಲು ಕೊಟ್ಟರು.

"ನಿಮಗೆ ಗೊತ್ತಿರಲ್ಲ. ನನಗೊಬ್ಬಳು ತಂಗಿ ಇದ್ಲು. ದಿನಾ ಸಂಜೆ ಮೇಲೆ ಹೋಗಿ ರಸ್ತೆ ನೋಡ್ತಾ ನಿಂತ್ಕೋತಿದ್ಲು. ಹಿಂದಿನ ರಸ್ತೆ ಹುಡುಗ ಒಬ್ಬ, ಅವನು ಹೋಗೋ ಟೈಮು. ಅಮ್ಮನಿಗೆ ಗೊತ್ತಾಗಿ ಎಲ್ಲರೆದುರು ಕೆನ್ನೆಗೆ ಹೊಡೆದ್ರು. ಬೆಳಿಗ್ಗೆ ನೋಡಿದ್ರೆ ಹಿತ್ತಲ ಬಾವೀಲಿ." ಅವರು ಕೈಗೆ ಹತ್ತಿದ ಮಸಿಯನ್ನು ಒರೆಸಿಕೊಳ್ಳುತ್ತ ಹೇಳಿದರು. "ಇಪ್ಪತ್ತಾರು ವರ್ಷ ಆಯ್ತು. ಈಗ ಅಮ್ಮ ಅವಳನ್ನ ನೋಡ್ದೆ ಅಂತಿದಾರೆ. ದೇವಸ್ಥಾನದಿಂದ ಬರ್ತಾ ದಿನಾ ಎದುರುಗಡೆ ಫುಟ್‌ಪಾತಲ್ಲಿ ನಿಂತ್ಬಿಡ್ತಾರೆ. ನಾನು ನಂಬಲ್ಲ. ಆದ್ರೂ ಅವರ ಸಮಾಧಾನಕ್ಕೆ ಒಂದು ಶಾಂತಿ ಮಾಡ್ಸೋಣ ಅಂತ. ಶುಕ್ರವಾರ ಶಾಸ್ತ್ರಿಗಳು ಬರ್ತಾರೆ, ಟೆರೇಸ್ ಮೇಲೇ ಮಾಡ್ಬೇಕಂತೆ. ನಿಮ್ಮಕ್ಕಂಗೆ ತೊಂದ್ರೆ ಆಗಲ್ಲ ತಾನೆ?"

ಹಿತ್ತಲಲ್ಲಿ ಬಾವಿಯಿದೆ ಎಂದೇ ನನಗೆ ಗೊತ್ತಿರಲಿಲ್ಲ. ಅದನ್ನು ಮುಚ್ಚಿದ್ದ ಚಪ್ಪಡಿಯನ್ನು ಬಟ್ಟೆ ಒಗೆಯುವ ಕಲ್ಲು ಎಂದುಕೊಂಡು ಆರು ವರ್ಷ ಅದರ ಮೇಲೆ ನಿಂತು ಬಟ್ಟೆ ಹಿಂಡಿದ್ದೆ.

ಮೇಲೆ ಬಂದವನೇ ಅಕ್ಕನಿಗೆ ಎಲ್ಲ ಹೇಳಿ, ಇವತ್ತೇ ಗಿಡ ಕಿತ್ತುಬಿಡುತ್ತೇನೆ ಎಂದೆ. ಅವಳು ಮಲಗಿಯೇ ಕೇಳಿದಳು.

"ಆ ಹುಡುಗಿಗೆ ಎಷ್ಟು ವಯಸ್ಸಾಗಿತ್ತಂತೆ?"

"ಹತ್ತೊಂಬತ್ತು."

ಅವಳು ಗೋಡೆ ಹಿಡಿದು ಎದ್ದು ಕೂತಳು.

"ಹೋಗಿ ಅಮ್ಮನ್ನ ಕರ್ಕೊಂಡ್ ಬಾ. ನಾನು ಕೆಳಗೆ ಬರಕ್ಕಾಗಲ್ಲ, ಅವರೇ ಬರಬೇಕು ಅಂತ ಹೇಳು."

"ಹೇಳಿಬಿಟ್ರೆ ಅವರ ಮಗನಿಗೂ ಗೊತ್ತಾಗುತ್ತೆ. ಮನೆ ಖಾಲಿ ಮಾಡಿ ಅಂತಾರೆ."

"ಅನ್ಲಿ. ಮಗಳು ಅಂದ್ಕೊಂಡು ನನ್ನ ಸೀರೆಗೆ ಕೈ ಮುಗೀತಿದಾರೆ. ಇಂಥದ್ದನ್ನ ಮಾಡ್ಬಾರದು ಕಣೋ."

ಅಮ್ಮ ಹದಿನೆಂಟು ಮೆಟ್ಟಿಲನ್ನು ಕೂತು ಕೂತು ಹತ್ತಿದರು. ಹೊತ್ತು ಇನ್ನೂ ಮುಳುಗಿರಲಿಲ್ಲ. ಅಕ್ಕನ ಪಕ್ಕ ಕುರ್ಚಿ ಹಾಕಿದೆ. ಅಕ್ಕ ಸುತ್ತುಬಳಸಿ ಹೇಳಲಿಲ್ಲ. ಗಿಡ ಯಾವುದು, ಯಾತಕ್ಕೆ ಬೆಳೆಸಿದ್ದು, ದೀಪ, ಕತ್ತಲೆ, ಸೀರೆ, ಎಲ್ಲವನ್ನೂ ಪಾಠ ಒಪ್ಪಿಸಿದ ಹಾಗೆ ಹೇಳಿದಳು. ಆಮೇಲೆ ನನಗೆ ಹೊದಿಸಲು ಹೇಳಿದಳು. ಅಮ್ಮನ ಕಣ್ಣೆದುರೇ ನಾನು ಸೀರೆ ಹೊದಿಸಿ ಕಟ್ಟಿದೆ. ಆಗಲೇ ದೀಪ ಹತ್ತಿಕೊಂಡಿತು.

ಅಮ್ಮ ಎದ್ದು ಹತ್ತಿರ ಹೋದರು. ಸೀರೆಯ ಮೇಲೆ ಕೈಯಾಡಿಸಿದರು. ಭುಜದಂತಿದ್ದ ಜಾಗದಲ್ಲಿ ಕೈ ನಿಂತಿತು. ಒಳಗಿನ ಕೊಂಬೆ ಅವರ ಅಂಗೈಗೆ ಸಿಕ್ಕಿರಬೇಕು, ಮೆಲ್ಲಗೆ ಕೈ ಹಿಂದಕ್ಕೆ ತೆಗೆದುಕೊಂಡರು. ವಾಪಸು ಬಂದು ಕೂತಾಗ ಅವರ ಕಣ್ಣಲ್ಲಿ ನೀರಿರಲಿಲ್ಲ. ಮುಖ ಮಾತ್ರ ಬತ್ತಿದ ಹಾಗಿತ್ತು.

"ಇಷ್ಟು ವರ್ಷ ಕನಸಲ್ಲಿ ಬಂದ್ರೂ ಮುಖ ತಿರುಗಿಸ್ಕೊಂಡೇ ಬರ್ತಿದ್ಲು, ಟೀಚರಮ್ಮ. ಈಗ ಬಂದು ಸುಮ್ನೆ ನಿಂತಿದಾಳಲ್ಲ, ಕೋಪ ಇಳೀತೇನೋ ಅಂದ್ಕೊಂಡಿದ್ದೆ."

"ತಪ್ಪಾಯ್ತು ಅಮ್ಮ" ಎಂದಳು ಅಕ್ಕ.

"ನಿಮ್ದೇನ್ ತಪ್ಪು. ನಾನು ನೋಡಿದ್ದು ನನಗೆ ಬೇಕಾಗಿತ್ತು, ನೋಡಿದೆ."

ಅವರು ಬಹಳ ಹೊತ್ತು ಕೂತಿದ್ದರು. ಅಕ್ಕನ ಟೋಪಿ, ಸವೆದ ಮಣಿಕಟ್ಟು, ಪಕ್ಕದಲ್ಲಿದ್ದ ಪ್ಲಾಸ್ಟಿಕ್ ಬಕೆಟ್ಟು ಎಲ್ಲವನ್ನೂ ನೋಡಿದರು. ಇಳಿಯುವ ಮೊದಲು ಕೇಳಿದರು.

"ಇನ್ನೂ ಎಷ್ಟು ದಿನ ಹೊದಿಸಬೇಕು?"

"ಹೆಚ್ಚೂಕಮ್ಮಿ ಮೂರು ವಾರ."

"ಹೊದಿಸಿ. ಶಾಂತಿ ಬೇಡ ಅಂತ ನನ್ನ ಮಗನಿಗೆ ನಾನೇ ಹೇಳ್ತೀನಿ. ಇದನ್ನ ಹೇಳಲ್ಲ."

ಮೆಟ್ಟಿಲ ಬುಡದ ಬಾಳೆಹಣ್ಣು ಅಂದಿನಿಂದ ನಿಂತಿತು. ಆದರೆ ದೇವಸ್ಥಾನದಿಂದ ಬರುವಾಗ ಅವರು ಎದುರಿನ ಫುಟ್‌ಪಾತಿನಲ್ಲಿ ನಿಲ್ಲುವುದನ್ನು ಬಿಡಲಿಲ್ಲ. ನಾನು ಸೀರೆ ಕಟ್ಟುತ್ತಿರುವಾಗ ಕೆಳಗೆ ಅವರು ತಲೆಯೆತ್ತಿ ನೋಡುತ್ತಿರುವುದು ಕಾಣುತ್ತಿತ್ತು. ಆಗ ನಾನು ಬಗ್ಗಿ ಕೂತು ಉಳಿದ ಗಂಟು ಹಾಕುತ್ತಿದ್ದೆ. ಗಿಡದ ಪಕ್ಕ ನಾನು ಕಾಣಬಾರದು ಎಂದು ಯಾಕೆ ಅನ್ನಿಸುತ್ತಿತ್ತೋ ಹೇಳಲಾರೆ.

ಅದಾದ ಹತ್ತು ದಿನಕ್ಕೆ ಅಕ್ಕನಿಗೆ ಜ್ವರ ಬಂದು ಆಸ್ಪತ್ರೆಗೆ ಸೇರಿಸಬೇಕಾಯಿತು. ಮೂರು ದಿನ ನಾನು ಮನೆಗೆ ಬರಲಾಗಲಿಲ್ಲ. ನಾಲ್ಕನೆಯ ದಿನ ಅವಳನ್ನು ಆಟೋದಲ್ಲಿ ಕರೆತಂದಾಗ ಸಂಜೆಯಾಗಿತ್ತು. ಆಟೋ ನಮ್ಮ ರಸ್ತೆಗೆ ತಿರುಗಿದ ಕೂಡಲೇ ಅಕ್ಕ ನನ್ನ ತೋಳು ಹಿಡಿದಳು. ಟೆರೇಸಿನ ಮೇಲೆ ಕಡುನೀಲಿ ಹೆಂಗಸು ನಿಂತಿದ್ದಳು. ಹೋಗುವ ಬೆಳಿಗ್ಗೆ ನಾನೇ ಸೀರೆ ಬಿಚ್ಚಿ ಹಗ್ಗದ ಮೇಲೆ ಹಾಕಿ ಹೋಗಿದ್ದೆ. ಅವಳನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿದೆ, ಅಕ್ಕ ಆಗ ಭಾರವೇ ಇರಲಿಲ್ಲ.

ಮೇಲಿನ ಮೆಟ್ಟಿಲಲ್ಲಿ ಅಮ್ಮ ಮಂಡಿ ನೀವಿಕೊಳ್ಳುತ್ತ ಕೂತಿದ್ದರು.

"ದಿನಾ ಬೆಳಿಗ್ಗೆ ಬಿಚ್ಚಿ, ಸಂಜೆ ಹೊದಿಸ್ದೆ. ನಿಮ್ಮಷ್ಟು ಚೆನ್ನಾಗಿ ಬರಲ್ಲ ನಂಗೆ" ಎಂದರು. "ಕತ್ತಲೆ ಬೇಕು ಅಂದಿದ್ರಲ್ಲ."

ದೀಪಾವಳಿಗೆ ನಾಲ್ಕು ದಿನ ಇದ್ದಾಗ ಹನಿ ಹಾಲಿನಂತಾಗಿದೆ ಎಂದು ನಾನು ಹೇಳಿದೆ. ಅಕ್ಕ ನಂಬದೆ, ಕೊಂಬೆಯನ್ನೇ ಹತ್ತಿರ ಬಗ್ಗಿಸಿಕೊಂಡು ನೋಡಿದಳು. ಮೇಲಿನ ಕೊಂಬೆಗಳನ್ನು ಕತ್ತರಿಸಿ ಅಡುಗೆಮನೆಯಲ್ಲಿ ತಲೆಕೆಳಗಾಗಿ ನೇತುಹಾಕಿದೆವು. ಕೆಳಗಿನ ಸಣ್ಣ ಕೊಂಬೆಗಳನ್ನು, ಇನ್ನೂ ಬಲಿಯಲಿ ಎಂದು, ಗಿಡದಲ್ಲೇ ಬಿಟ್ಟೆವು. ಒಣಗಿದ ಹೂವನ್ನು ಹಾಲಿನಪುಡಿಯ ಡಬ್ಬದಲ್ಲಿ ತುಂಬಿದೆ. ಒಂದು ಚಿಟಿಕೆ ತುಪ್ಪದಲ್ಲಿ ಕಾಯಿಸಿ ಅನ್ನಕ್ಕೆ ಕಲಸಿ ಕೊಟ್ಟ ದಿನ ಅಮ್ಮನೂ ಮೇಲೆ ಬಂದಿದ್ದರು. ಒಂದು ಗಂಟೆ ಕಾದೆವು. ಆಮೇಲೆ ಅಕ್ಕ, "ಸಾರು ಇದೆಯಾ?" ಎಂದು ಕೇಳಿದಳು. ನಾನು ಬಡಿಸಿದೆ. ಎರಡು ಸಲ ಹಾಕಿಸಿಕೊಂಡಳು. ಮಜ್ಜಿಗೆಯನ್ನೂ ಉಂಡಳು. ಕೈ ತೊಳೆದು ಗೋಡೆಗೊರಗಿ, ಹಪ್ಪಳ ಕರಿದಿದ್ರೆ ಚೆನ್ನಾಗಿತ್ತು ಅಂದಳು. ಬಕೆಟ್ಟು ಪಕ್ಕದಲ್ಲೇ ಇತ್ತು, ಅದರ ಅಗತ್ಯ ಬೀಳಲಿಲ್ಲ. ಗಿಡದಿಂದಲೋ, ಆ ದಿನವೇ ಹಾಗಿತ್ತೋ, ನನಗೆ ಗೊತ್ತಿಲ್ಲ. ಅವಳು ನಗುತ್ತ ನಮ್ಮನ್ನು ಹೆತ್ತ ಅಮ್ಮನ ಹಾಗೆ ದನಿ ಮಾಡಿ ನನ್ನನ್ನು ಮಗುವಾಗಿದ್ದಾಗಿನ ಹೆಸರಿನಿಂದ ಕರೆದಳು. ನನಗೆ ಒಂದು ಕಡೆ ಹಿಗ್ಗು, ಇನ್ನೊಂದು ಕಡೆ ಭಯ. ಸತ್ತವರ ದನಿ ಅವಳ ಬಾಯಿಂದ ಅಷ್ಟು ಸಲೀಸಾಗಿ ಬಂದಿತ್ತು.

ಹೀಗೆ ಆರು ಊಟ ಆಯಿತು. ನಾನು ಎಣಿಸಿದ್ದೇನೆ.

ಏಳನೆಯ ದಿನ ಭಾನುವಾರ. ಬೆಳಿಗ್ಗೆ ಹಲ್ಲುಜ್ಜುತ್ತ ಪ್ಯಾರಾಪೆಟ್ಟಿನ ಹತ್ತಿರ ಬಂದೆ. ಕೆಳಗೆ ಖಾಕಿ ತೊಟ್ಟ ಒಬ್ಬ ಪೊಲೀಸು ಅಮ್ಮನ ಮಗನ ಜೊತೆ ಮಾತಾಡುತ್ತ ನಿಂತಿದ್ದ. ಮಾತಿನ ನಡುವೆ ಒಮ್ಮೆ ತಲೆಯೆತ್ತಿ ನಮ್ಮ ಟೆರೇಸು ನೋಡಿದ. ಅಮ್ಮನ ಮಗ ಏನೋ ಹೇಳಿ ಅವನನ್ನು ಒಳಗೆ ಕರೆದುಕೊಂಡು ಹೋದರು.

ಆಮೇಲೆ ನಾನು ಮಾಡಿದ್ದು ಅರ್ಧ ಗಂಟೆಯ ಕೆಲಸ. ಗಿಡವನ್ನು ಬೇರುಸಮೇತ ಕಿತ್ತೆ. ಬಚ್ಚಲ ಒಲೆಯಲ್ಲಿ ತೆಂಗಿನ ಚಿಪ್ಪಿನ ಬೆಂಕಿ ಉರಿಯುತ್ತಿತ್ತು. ಕಾಂಡ ಮುರಿದು ಹಾಕಿದೆ, ಎಲೆ ಹಾಕಿದೆ. ಡಬ್ಬ ತೆಗೆದು ಹೂವನ್ನೆಲ್ಲ ಒಲೆಗೆ ಸುರಿದೆ. ಹೊಗೆ ಬಚ್ಚಲಿಂದ ಅಡುಗೆಮನೆಗೆ, ಅಲ್ಲಿಂದ ಅಕ್ಕನ ಕೋಣೆಗೆ ಹೋಯಿತು.

"ಏನೋ ಸುಡ್ತಿದೀಯಾ?" ಎಂದಳು ಒಳಗಿನಿಂದ.

"ಕಸ. ಒಣಗಿದ ಎಲೆ."

ಬೂದಿಗೆ ನೀರು ಸುರಿದು, ಕೈ ತೊಳೆದು, ಶರಟು ಹಾಕಿಕೊಂಡು ಕೆಳಗೆ ಇಳಿದೆ. ಬಂದವರು ಬರಲಿ ಎಂದು. ಪೊಲೀಸು ಹೋಗಿಯಾಗಿತ್ತು. ಅಮ್ಮನ ಮಗ ಕಾರ್ಡುಗಳ ಆಲ್ಬಮ್ ಮುಚ್ಚಿಡುತ್ತಿದ್ದರು.

"ಮಗಳ ಮದ್ವೆಯಂತೆ ಅವರಿಗೆ. ಹಳದಿ ಕಾರ್ಡ್ ಬೇಡ, ಈಗಿನ ಥರದ್ದು ಬೇಕು ಅಂದ್ರು. ಮಹಡೀಲಿ ಮೆಷಿನ್ ಇದೆಯಾ ಅಂತ ಕೇಳ್ತಿದ್ರು, ಇಲ್ಲ ಬಾಡಿಗೆಗಿದಾರೆ ಅಂದೆ. ಯಾಕೆ, ಏನಾದ್ರೂ ಬೇಕಿತ್ತಾ?"

ಏನೂ ಬೇಡ ಎಂದೆ.

ಆ ಸಂಜೆ ಅಕ್ಕ ದಿಂಬಿಗೊರಗಿ ಕೂತು ನನ್ನನ್ನು ಕರೆದಳು. "ಇವತ್ತು ಸ್ವಲ್ಪ ಹಾಕ್ತೀಯಾ? ಊಟ ಮಾಡೋಣ ಅನ್ನಿಸ್ತಿದೆ."

"ಮುಗಿದೋಯ್ತು ಅಕ್ಕ."

"ಡಬ್ಬದಲ್ಲಿ ಇರ್ಲಿಲ್ವಾ?"

"ಅಷ್ಟೇ ಇದ್ದದ್ದು."

"ಗಿಡದಲ್ಲಿ ಕೆಳಗಿನ ಕೊಂಬೇಲಿ ಸಣ್ಣವು ಬಿಟ್ಟಿದ್ವಲ್ಲ."

ನಾನು ಅವಳ ಮುಖ ನೋಡಲಿಲ್ಲ. "ಬೂಷ್ಟು ಹಿಡೀತು. ಕಿತ್ತಾಕ್ದೆ."

ಕಿಟಕಿಯಿಂದ ಕುಂಡ ಕಾಣುತ್ತಿತ್ತು. ನಾಲ್ಕು ಬಿದಿರುಕಡ್ಡಿಗಳು ಮಾತ್ರ ನಿಂತಿದ್ದವು. ಅವಳು ಅತ್ತ ನೋಡಿ, ಆಮೇಲೆ ನನ್ನನ್ನು ನೋಡಿ, "ಸರಿ ಬಿಡು" ಎಂದಳು. ಹುಟ್ಟಿದಾಗಿನಿಂದ ನನಗೆ ಸುಳ್ಳು ಹೇಳದವಳು. ನಾನು ಹೇಳಿದ ಸುಳ್ಳನ್ನು ಕೈಚಾಚಿ ತೆಗೆದುಕೊಂಡಳು.

ಅದಾದ ಹನ್ನೊಂದು ದಿನಕ್ಕೆ ಹೋದಳು. ಆ ಹನ್ನೊಂದು ದಿನದಲ್ಲಿ ನೆಟ್ಟಗೆ ಒಂದು ಊಟ ಮಾಡಲಿಲ್ಲ. ಮತ್ತೆ ಕೇಳಲೂ ಇಲ್ಲ. ಪೊಟ್ಟಣ ಕೊಟ್ಟವಳನ್ನು ಹುಡುಕಿಕೊಂಡು ಹೋಗಲೇ, ಬೇರೆಲ್ಲಾದರೂ ತರಲೇ ಎಂದು ನಾನು ದಿನವೂ ಯೋಚಿಸಿದೆ, ಎಲ್ಲಿಗೂ ಹೋಗಲಿಲ್ಲ. ಕಲಾಸಿಪಾಳ್ಯದ ಬಸ್‌ಸ್ಟ್ಯಾಂಡಿನವರೆಗೆ ಒಂದು ದಿನ ನಡೆದೆ. ಯಾರನ್ನು ಏನೆಂದು ಕೇಳುವುದು ತಿಳಿಯದೆ, ಎಳನೀರು ತೆಗೆದುಕೊಂಡು ವಾಪಸು ಬಂದೆ. ಅವಳು ಎರಡು ಗುಟುಕು ಕುಡಿದಳು.

ಆ ಮನೆಯಲ್ಲಿ ಇನ್ನೊಂದು ವರ್ಷ ಇದ್ದೆ. ಬಿದಿರುಕಡ್ಡಿ ಕಿತ್ತರೂ ಆರು ಗಂಟೆಯಾದರೆ ಕೈ ತಾನಾಗಿ ಹಗ್ಗದ ಕಡೆ ಹೋಗುತ್ತಿತ್ತು. ಬಚ್ಚಲಲ್ಲಿ ನೀರು ಕಾಯಿಸುವಾಗ ಆ ವಾಸನೆ ಬರುತ್ತಿತ್ತು, ಒಲೆಯನ್ನು ಎಷ್ಟು ಸಾರಿಸಿದರೂ. ಕಚೇರಿಯಿಂದ ಬರುತ್ತ ರಸ್ತೆಗೆ ತಿರುಗಿದಾಗ ತಲೆಯೆತ್ತಿ ನೋಡಬಾರದು ಎಂದುಕೊಂಡು ನೋಡಿಬಿಡುತ್ತಿದ್ದೆ. ಒಂದೆರಡು ಸಲ ಅಲ್ಲಿ ಯಾರೋ ನಿಂತಿದ್ದರು. ಹತ್ತಿರ ಬಂದರೆ ಏನೂ ಇರುತ್ತಿರಲಿಲ್ಲ. ಇದನ್ನು ನಾನು ಯಾರಿಗೂ ಹೇಳಿಲ್ಲ. ಅಮ್ಮನಿಗೆ ಹೇಳಬಹುದಿತ್ತು, ಆದರೆ ಅವರು ತಮ್ಮ ಮಗಳನ್ನು ಅಲ್ಲಿ ಕಾಣುವುದನ್ನು ನಿಲ್ಲಿಸಿದ್ದಕ್ಕೆ ನಾವೇ ಕಾರಣರು, ನಾನು ಕಂಡೆ ಎಂದು ಯಾವ ಬಾಯಿಂದ ಹೇಳಲಿ.

ವೈಯಾಲಿಕಾವಲಿನಲ್ಲಿ ನೆಲಮಹಡಿಯ ಒಂದು ಮನೆ ಸಿಕ್ಕಿತು. ಸಾಮಾನು ಟೆಂಪೋಗೆ ಏರಿಸಿ ಬೀಗದ ಕೈ ಕೊಡಲು ಹೋದಾಗ ಅಮ್ಮ ಜಗಲಿಯ ಮೇಲೆ ಜಾಗ ಮಾಡಿ ಕೂರಿಸಿಕೊಂಡರು.

"ಒಂದು ಮಾತು ಹೇಳ್ಬೇಕಾಗಿತ್ತು. ಅವತ್ತು ಒಲೇಲಿ ಏನು ಸುಟ್ಟೆ ಅಂತ ನಂಗೂ ಗೊತ್ತು, ವಾಸನೆ ಕೆಳಗೂ ಬಂತು. ಸಾಯಂಕಾಲ ನಿನ್ನ ಕೇಳೋಣ ಅಂತ ಮೇಲೆ ಬಂದೆ. ನೀನು ಮೆಡಿಕಲ್ ಶಾಪ್‌ಗೆ ಹೋಗಿದ್ದೆ. ನಿಮ್ಮಕ್ಕ ನನ್ನ ಕೈ ಹಿಡ್ಕೊಂಡು, 'ಅವನು ಹೆದರ್ಕೊಂಡಿದಾನೆ, ಏನೂ ಕೇಳ್ಬೇಡಿ ಅಮ್ಮ. ನಾನು ಹೋದ್ಮೇಲೂ ಕೇಳ್ಬೇಡಿ' ಅಂದ್ರು."

ಕೇಳಬೇಡಿ ಎಂದು ಅವಳು ಹೇಳಿದ್ದ ವಿಷಯವನ್ನು ನೀವು ಈಗ ಯಾಕೆ ಎತ್ತಿದಿರಿ ಎಂದು ಕೇಳಬೇಕೆನಿಸಿತು.

ಕೇಳದೆಯೇ ಅವರು ಹೇಳಿದರು. "ನನ್ನ ಮಗಳಿಂದ ಅಂಥ ಮಾತು ನಂಗೆ ಯಾರೂ ತಂದು ಕೊಡ್ಲಿಲ್ಲ ಕಣಪ್ಪ. ಇಟ್ಕೊಂಡು ಏನ್ ಮಾಡ್ಲಿ ನಾನು. ಅದು ನಿಂದು."

ಟೆಂಪೋ ಡ್ರೈವರು ಎರಡು ಸಲ ಹಾರ್ನ್ ಮಾಡಿದ. ನಾನು ಏಳಲಿಲ್ಲ. ಅಮ್ಮ ಅವನಿಗೆ ಕೈ ಸನ್ನೆಯಲ್ಲಿ ಇರು ಎಂದು ತೋರಿಸಿ, ನನಗೆ ಕುಡಿಯಲು ನೀರು ತರಲು ಗೋಡೆ ಹಿಡಿದುಕೊಂಡು ಒಳಗೆ ಹೋದರು.